ಗುಪ್ತಾಂಗದ ನರಹುಲಿ: ಮುಚ್ಚಿಡಬೇಡಿ
ಕುದುರೆಮುಖ, ಕಳಸ, ಮೂಡಿಗೆರೆ ಕಡೆ ಮಳೆಗಾಲವಿಡೀ ಒದ್ದೆ ಬಟ್ಟೆಯಲ್ಲೇ ತೋಟದ ಕೆಲಸ ಮಾಡುವ ಹೆಂಗಸರಿಗೆ, ಗುಪ್ತಾಂಗದ ಬಳಿ ಹೂಕೋಸಿನಂಥ ಮೆತ್ತನೆಯ ಗಂಟು ಎದ್ದರೆ ಥಂಡಿಯಿಂದಲೋ ಇಂಬಳ ಕಚ್ಚಿಯೋ ಆದದ್ದೆನಿಸಬಹುದು. ಎರಡೂ ಅಲ್ಲ. ಇದು ಎಚ್‌ಪಿವಿ ಎಂಬ ವೈರಸ್ಸಿನ ನರಹುಲಿ. ಬಹುಪಾಲು ಅದರ 6 ಮತ್ತು 11ನೇ ತಳಿಗಳಿಂದ ಬರುತ್ತದೆ. ಲೈಂಗಿಕ ಸಂಪರ್ಕದಿಂದ ಹರಡುತ್ತದೆ ನಿಜ. ಆದರೆ ಸೋಂಕು ತಗುಲಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳಾದ ಮೇಲೆ ಕಾಣಿಸುವುದರಿಂದ ಯಾರಿಂದ ಬಂತೆಂದು ಹೇಳಲಾಗದು. ಮನೆಯಲ್ಲಿ ಜಗಳವಾಡುವ ಬದಲು ಯಜಮಾನರನ್ನೂ ತಪಾಸಣೆಗೆ ಕರೆದೊಯ್ಯಿರಿ.

ಸುಣ್ಣ-ಸೋಡ ಹಚ್ಚಿ ಸುಡಬೇಡಿ. ಅಲ್ಲಿನ ಚರ್ಮ ತೆಳು, ಹುಣ್ಣಾಗುತ್ತದೆ. ಕೈಕಾಲಿನ ನರಹುಲಿಯ ಔಷಧವೂ ಕೂಡದು. ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲೋ ಬೇರೆಲ್ಲಾದರೂ ಸರಿ, ಚರ್ಮ ಅಥವಾ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಸಿಫಿಲಿಸ್‌ನಲ್ಲೂ ಇಂಥ ಗಂಟು ಏಳುವುದರಿಂದ ರಕ್ತಪರೀಕ್ಷೆ ಬೇಕು. ಔಷಧ ಲೇಪಿಸಿ, ಅತಿಶೀತದಿಂದ ಹೆಪ್ಪುಗಟ್ಟಿಸಿ ಅಥವಾ ವಿದ್ಯುತ್ತಿನಿಂದ ಸುಟ್ಟು ಗಂಟು ತೆಗೆಯುತ್ತಾರೆ. ಒಮ್ಮೆಗೇ ಹೋಗದಿರಬಹುದು, ಮರಳಿಯೂ ಬರಬಹುದು, ಅರ್ಧಕ್ಕೆ ಬಿಡಬೇಡಿ. ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ. ಪೊಡೊಫಿಲಿನ್ ಎಂಬ ಲೇಪನ ಆಗ ನಿಷಿದ್ಧ.

ಈ ಗಂಟು ಕ್ಯಾನ್ಸರ್ ಅಲ್ಲ. ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣ ಇದೇ ವೈರಸ್ಸಿನ 16 ಮತ್ತು 18ನೇ ತಳಿಗಳು. ಅವೂ ಜೊತೆಗೆ ತಗುಲಿರಬಹುದಾದ್ದರಿಂದ 30 ದಾಟಿದವರು ಗರ್ಭಕಂಠದ ಪರೀಕ್ಷೆ ಮಾಡಿಸಿಕೊಳ್ಳಿ. 2023ರಲ್ಲಿ ಬಿಡುಗಡೆಯಾದ ನಮ್ಮ ದೇಶದ್ದೇ ಸರ್ವಾವ್ಯಾಕ್ ಲಸಿಕೆ ಈ ನಾಲ್ಕೂ ತಳಿಗಳನ್ನು ತಡೆಯುತ್ತದೆ. ಈಗಾಗಲೇ ಎದ್ದ ಗಂಟನ್ನು ಅದು ಕರಗಿಸದು. 9ರಿಂದ 14 ವರ್ಷದೊಳಗಿನ ಮಗಳಿದ್ದರೆ ಅವಳಿಗೆ ಕೊಡಿಸುವ ಬಗ್ಗೆ ಅದೇ ಭೇಟಿಯಲ್ಲಿ ವೈದ್ಯರನ್ನು ಕೇಳಿ.