ರೇಷ್ಮೆ ಬೆಳೆ ಏರದಿದ್ದರೆ ತೋಟ ಕೀಳಬೇಕೆ?

ತೋಟದಲ್ಲಿ ಸೊಪ್ಪು ಹುಲುಸಾಗಿದೆ. ಹುಳು ಮನೆಗೆ ಮಾಡಿದ ಸಾಲದ ಕಂತು ನಡೆಯುತ್ತಿದೆ. ಆದರೆ ದ್ವಿತಳಿ ಹುಳುವಿನಲ್ಲಿ 100 ಮೊಟ್ಟೆಗೆ 60 ಕಿಲೋ ದಾಟಬೇಕಾದ ಗೂಡು ಬೆಳೆ ಬೆಳೆಗೂ 40ರಲ್ಲೇ ನಿಂತಿದೆ. ನಡುವೆ ಒಂದು ಬೆಳೆ ಪೂರ್ತಿ ಹೋಯಿತೆಂದರೆ ಮನೆಯಲ್ಲಿ ಮಾತು ಶುರುವಾಗುತ್ತದೆ: “ಕಡ್ಡಿ ಕಿತ್ತು ರಾಗಿ ಹಾಕಿದ್ದರೇ ಚೆನ್ನಾಗಿತ್ತು.” ಬೇಸರದಲ್ಲಿ ಕಿತ್ತ ಹಿಪ್ಪುನೇರಳೆಯನ್ನು ಮತ್ತೆ ಎಬ್ಬಿಸುವುದು ಸುಲಭವಲ್ಲ. ಆದುದರಿಂದ ಗುದ್ದಲಿ ಎತ್ತುವ ಮೊದಲು ರೈತ ಬಾಂಧವರು ಸ್ವಲ್ಪ ಯೋಚಿಸಬೇಕು.

ಸೋತದ್ದು ಬೆಳೆಯೋ, ಬೆಲೆಯೋ? ಗೂಡಿನ ದರ ಇಳಿದು ನಷ್ಟವಾಗಿದ್ದರೆ ಸಾಕಣೆಯನ್ನು ದೂರಿ ಫಲವಿಲ್ಲ. ತೂಕವೇ ಕಡಿಮೆಯಾಗಿದ್ದರೆ ಕಾರಣ ನಮ್ಮ ಹುಳು ಮನೆಯಲ್ಲೋ ತೋಟದಲ್ಲೋ ಇದೆ, ಹುಡುಕಿದರೆ ಸಿಗುತ್ತದೆ.

ಹುಡುಕುವುದು ಎಷ್ಟು ತಾಳ್ಮೆಯ ಕೆಲಸವೆಂಬುದಕ್ಕೆ ಲೂಯಿ ಪಾಶ್ಚರ್ ಅವರೇ ಸಾಕ್ಷಿ. ಫ್ರಾನ್ಸಿನ ರೇಷ್ಮೆಗೆ ರೋಗ ಬಿದ್ದಾಗ, 1865ರಲ್ಲಿ, ಹುಳು ಸಾಕಿ ಅರಿಯದ ಅವರನ್ನು ಅಲೆಸ್ ಪ್ರಾಂತಕ್ಕೆ ಕಳುಹಿಸಲಾಯಿತು. ಐದು ವರ್ಷ ಹಿಡಿಯಿತು. ಆ ಅವಧಿಯಲ್ಲೇ ತಂದೆ ಮತ್ತು ಇಬ್ಬರು ಹೆಣ್ಣುಮಕ್ಕಳು ತೀರಿಕೊಂಡರು. 1868ರಲ್ಲಿ ಅವರಿಗೇ ಪಾರ್ಶ್ವವಾಯು ಬಡಿಯಿತು. ಕೆಲಸ ಕಗ್ಗಂಟಾದುದಕ್ಕೆ ಒಂದು ಮುಖ್ಯ ಕಾರಣ, ಗಂಟು ರೋಗ ಮತ್ತು ಸಪ್ಪೆ ರೋಗ ಎರಡೂ ಬೆರೆತು ಒಂದೇ ಎಂಬಂತೆ ಕಂಡದ್ದು. ಬೇರ್ಪಡಿಸಿದ ಮೇಲೆ ದಾರಿ ತೆರೆಯಿತು. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗರಹಿತ ಮೊಟ್ಟೆ ಕೊಡುವ ಇಂದಿನ ಪದ್ಧತಿ ಆ ದುಡಿಮೆಯ ಫಲ.

ನಮ್ಮಲ್ಲೂ “ಹುಳು ಹೋಯಿತು” ಎಂಬ ಒಂದೇ ಮಾತಿನಲ್ಲಿ ನಾಲ್ಕಾರು ಕಾರಣ ಅಡಗಿರುತ್ತವೆ. ಹುಳು ಊದಿಕೊಂಡು ಹಾಲಿನಂಥ ರಸ ಒಸರಿದರೆ ಹಾಲುತೊಂಡೆ. ಸತ್ತ ಹುಳು ಸೀಮೆಸುಣ್ಣದಂತೆ ಗಟ್ಟಿಯಾದರೆ ಸುಣ್ಣಕಟ್ಟು. ಚಳಿ ಮತ್ತು ತೇವದ ದಿನಗಳಲ್ಲಿ ಇದು ಹೆಚ್ಚು. ರೋಗವೇ ಇಲ್ಲದೆ ಗೂಡು ಹಗುರವಾಗಿದ್ದರೆ ಕೊನೆ ಜ್ವರ ಎದ್ದ ಮೇಲಿನ ಮೇವನ್ನು ನೋಡಬೇಕು. ಹುಳು ತಿನ್ನುವ ಒಟ್ಟು ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ಆಗಲೇ ಬೇಕು. ತೋಟ ಸಾಲದೆ 200 ಮೊಟ್ಟೆ ತಂದವರಿಗೆ ಇಲ್ಲೇ ಏಟು.

ಆದುದರಿಂದ ಮುಂದಿನ ಬೆಳೆಗೆ ಮೊಟ್ಟೆ ಅರ್ಧ ಮಾಡಿರಿ. ನಷ್ಟವಾದರೂ ತಡೆದುಕೊಳ್ಳಬಹುದು, ಗೆದ್ದರೆ ಮನೆಯವರ ಮುಖ ಅರಳುತ್ತದೆ. ಈ ಎರಡನೆಯದು ಸಣ್ಣ ಲಾಭವಲ್ಲ. ಹುಳು ಮನೆ ಹಾಗೂ ಸಲಕರಣೆಗಳನ್ನು ತೊಳೆದು, 10 ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪುಡಿ, 30 ಗ್ರಾಂ ಅರಳಿದ ಸುಣ್ಣ ಬೆರೆಸಿ ಸೋಂಕು ನಿವಾರಣೆ ಮಾಡತಕ್ಕದ್ದು. ಚಾಕಿ ಹುಳುವನ್ನು ಚಾಕಿ ಕೇಂದ್ರದಿಂದಲೇ ತರುವುದು ಮೇಲು. ಒಂದು ನೋಟ್ ಪುಸ್ತಕದಲ್ಲಿ ಬೆಳಿಗ್ಗೆ ಸಂಜೆಯ ಉಷ್ಣಾಂಶ, ಕೊಟ್ಟ ಸೊಪ್ಪು, ಆರಿಸಿ ತೆಗೆದ ಹುಳುಗಳ ಸಂಖ್ಯೆ ಬರೆಯಿರಿ. 40 ಕಿಲೋ 46ಕ್ಕೆ ಏರಿದ್ದು ಮನಸ್ಸಿಗೆ ತಿಳಿಯದಿದ್ದರೂ ಪುಸ್ತಕಕ್ಕೆ ತಿಳಿಯುತ್ತದೆ.

ಕೊಳವೆಬಾವಿ ಬತ್ತಿದ್ದರೆ ಮಾತು ಬೇರೆ. ನೀರಿಲ್ಲದ ತೋಟವನ್ನು ಹಟದಿಂದ ಹಿಡಿದುಕೊಳ್ಳುವುದು ಉತ್ಸಾಹವಲ್ಲ. ವಿಸ್ತೀರ್ಣ ಇಳಿಸುವುದೇ ಜಾಣತನ.

ವಿಸ್ತರಣಾ ಕಾರ್ಯಕರ್ತರು ಬೆಳೆ ಹೋದ ಮನೆಗೆ ಹುಳು ಎಸೆಯುವ ಮೊದಲೇ ಹೋಗಬೇಕು. ರೈತರೂ ಅಷ್ಟೆ, ಎಲ್ಲ ಗುಡಿಸಿ ಹಾಕಿದ ಮೇಲೆ ಕೇಳಿದರೆ ಯಾರಿಂದಲೂ ಉತ್ತರ ಸಿಗದು. ಕಾಯಿಲೆ ಬಿದ್ದ ಕೆಲವು ಹುಳುಗಳನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ, ನೋಟ್ ಪುಸ್ತಕದೊಂದಿಗೆ ಹತ್ತಿರದ ರೇಷ್ಮೆ ತಾಂತ್ರಿಕ ಸೇವಾ ಕೇಂದ್ರಕ್ಕೆ ಅದೇ ದಿನ ಒಯ್ಯಿರಿ.