ಮಾನಸಿಕ ಸ್ವಾಸ್ಥ್ಯ: ಶಾಸನವೂ ಸೇವೆಯೂ

ಈ ವಿಷಯವನ್ನು ಅಭ್ಯಸಿಸುವವರು 1912ರ ಭಾರತೀಯ ಹುಚ್ಚರ ಕಾಯಿದೆಯಿಂದ ಆರಂಭಿಸುವುದು ಉಚಿತ. ರೋಗಿಯನ್ನು ಬಂಧನದಲ್ಲಿರಿಸುವುದನ್ನೇ ಮುಖ್ಯವೆಂದೆಣಿಸಿದ್ದ ಅದರ ಸ್ಥಾನಕ್ಕೆ 1987ರ ಕಾಯಿದೆಯೂ ಬಳಿಕ 2017ರದೂ ಬಂದುವು.

ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಅಲ್ಲಿಯ ಸರ್ಕಾರಿ ಮಾನಸಿಕ ಆಸ್ಪತ್ರೆಯೊಡನೆ 1974ರಲ್ಲಿ ವಿಲೀನಗೊಂಡುದರಿಂದ ನಿಮ್ಹಾನ್ಸ್ ಜನ್ಮತಾಳಿತು. ಮನೋವೈದ್ಯರು ವಿರಳರಾದ ಗ್ರಾಮಾಂತರಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ತರಬೇತಿಯಿತ್ತು ಚಿಕಿತ್ಸೆಯನ್ನು ಜನರ ಬಳಿಗೊಯ್ಯಬಹುದೆಂಬುದನ್ನು ಅದು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತಾಗಿ, 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ 1996ರಲ್ಲಿ ಆರಂಭವಾದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. (ಈ ಎರಡು ಇಸವಿಗಳು ಪರೀಕ್ಷಾರ್ಥಿಗಳ ಕೈಯಲ್ಲಿ ಅದಲುಬದಲಾಗುವುದು ಸುಲಭ.)

2017ರ ಕಾಯಿದೆಯ 5ನೆಯ ಪ್ರಕರಣವು ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡವೆಂದು ಮುಂಗಡವಾಗಿಯೇ ಬರೆದಿಡುವ ಹಕ್ಕನ್ನು ನೀಡುತ್ತದೆ. ಆದರೆ ಅದರಲ್ಲಿ ಅತ್ಯಂತ ಮಾನವೀಯವಾದುದು, ನನ್ನ ಮತದಲ್ಲಿ, 115ನೆಯ ಪ್ರಕರಣ: ಆತ್ಮಹತ್ಯೆಗೆ ಯತ್ನಿಸಿದವರು, ಅನ್ಯಥಾ ಸಿದ್ಧಪಡದ ಹೊರತು, ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರನ್ನು ದಂಡಿಸದೆ ಆರೈಕೆಯನ್ನೊದಗಿಸುವುದು ಸರ್ಕಾರದ ಕರ್ತವ್ಯವೆಂದು ಅದು ವಿಧಿಸುತ್ತದೆ.

ವಿಶ್ವ ಮಾನಸಿಕ ಆರೋಗ್ಯ ದಿನವಾದ ಅಕ್ಟೋಬರ್ 10ರಂದು, 2022ರಲ್ಲಿ, ಟೆಲಿ-ಮಾನಸ್ ಉಚಿತ ಸಹಾಯವಾಣಿ ಆರಂಭವಾಯಿತು. ಸಂಖ್ಯೆ 14416. ಅನಿದ್ರೆಯೂ ನಿರುತ್ಸಾಹವೂ ವಾರಗಟ್ಟಲೆ ಬಿಡದೆ ಕಾಡಿದರೆ ಈ ಟಿಪ್ಪಣಿಯ ಓದುಗರೂ ಅಲ್ಲಿಗೆ ನಿಸ್ಸಂಕೋಚವಾಗಿ ಕರೆಮಾಡಬಹುದು.