ಇಲಿಯ ಲಾಡಿಹುಳು ಮಕ್ಕಳ ಹೊಟ್ಟೆ ಸೇರುವ ದಾರಿ

ಇಲಿ, ಹೆಗ್ಗಣಗಳ ಸಣ್ಣ ಕರುಳಿನಲ್ಲಿ 20ರಿಂದ 60 ಸೆಂಟಿಮೀಟರ್ ಉದ್ದದ ಲಾಡಿಹುಳು ವಾಸಿಸುತ್ತದೆ. ಇದರ ಹೆಸರು ಹೈಮೆನೊಲೆಪಿಸ್ ಡಿಮಿನ್ಯೂಟಾ. ಇದರ ಮೊಟ್ಟೆಗಳು ಇಲಿಯ ಹಿಕ್ಕೆಯೊಂದಿಗೆ ಹೊರಬೀಳುತ್ತವೆ.

ಈ ಮೊಟ್ಟೆ ನೇರವಾಗಿ ನಮ್ಮ ಹೊಟ್ಟೆ ಸೇರಿದರೆ ಹುಳುವಾಗದು. ನಡುವೆ ಒಂದು ಕೀಟ ಬೇಕು. ಧಾನ್ಯ, ಹಿಟ್ಟಿನಲ್ಲಿರುವ ಕೆಂಪು ಹುಳ ಹಿಕ್ಕೆಯನ್ನು ತಿಂದಾಗ ಅದರ ದೇಹದೊಳಗೆ ಲಾಡಿಹುಳುವಿನ ಮರಿ ಬೆಳೆಯುತ್ತದೆ. ಆ ಕೀಟವನ್ನು ತಿಂದ ಇಲಿಗೆ ಸೋಂಕು ತಗಲುತ್ತದೆ. ಹಸಿ ಹಿಟ್ಟು ಮುಕ್ಕುವ ಮಗು ಅದೇ ಕೀಟವನ್ನು ನುಂಗಿದರೆ ಮಗುವಿಗೂ ತಗಲಬಹುದು.

ಹೆಚ್ಚಿನವರಲ್ಲಿ ಲಕ್ಷಣಗಳೇ ಇರುವುದಿಲ್ಲ. ಕೆಲವರಿಗೆ ಹೊಟ್ಟೆನೋವು, ಭೇದಿ, ಹಸಿವಿಲ್ಲದಿರುವುದು ಕಾಣುತ್ತದೆ. ಯುನಾನಿಯಲ್ಲಿ ಕರುಳಿನ ಹುಳುಗಳಿಗೆ ‘ದೀದಾನೆ ಅಮ್‌ಆ’ ಎನ್ನುತ್ತೇವೆ. ಉದ್ದ, ಚಪ್ಪಟೆ, ಸಣ್ಣ ಹುಳುಗಳೆಂದು ಬೇರ್ಪಡಿಸಿಯೇ ಚಿಕಿತ್ಸೆ ಹೇಳಲಾಗಿದೆ. ಇಲ್ಲಿಯೂ ಬಗೆ ತಿಳಿಯುವುದು ಮುಖ್ಯ. ಶಾಲೆಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ದುಂಡುಹುಳು, ಕೊಕ್ಕೆಹುಳು, ಚಾಟಿಹುಳುಗಳಿಗೆ ಉದ್ದೇಶಿಸಿದ್ದು. ಇಲಿಯ ಲಾಡಿಹುಳುವಿಗೆ ಮುಖ್ಯ ಔಷಧ ಪ್ರಾಜಿಕ್ವಾಂಟೆಲ್. ಆದ್ದರಿಂದ ಮಾತ್ರೆ ಕೊಟ್ಟ ಮೇಲೂ ತೊಂದರೆ ಉಳಿದರೆ ಅದನ್ನೇ ಮತ್ತೆ ಮತ್ತೆ ಕೊಡಬೇಡಿ. ಮಲಪರೀಕ್ಷೆ ಮಾಡಿಸಿ, ವೈದ್ಯರ ಸಲಹೆಯಂತೆ ಔಷಧ ಕೊಡಿ.

ಮನೆಯಲ್ಲಿ ಮಾಡಬೇಕಾದದ್ದು:
• ಅಕ್ಕಿ, ರವೆ, ಹಿಟ್ಟುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.
• ಬಳಸುವ ಮುನ್ನ ಜರಡಿ ಹಿಡಿಯಿರಿ; ಹುಳ ತುಂಬಿದ ಹಿಟ್ಟನ್ನು ಬಿಸಾಡಿ.
• ಹಸಿ ಹಿಟ್ಟು, ಹಸಿ ರವೆ ಮಕ್ಕಳ ಬಾಯಿಗೆ ಹೋಗದಿರಲಿ. ಚೆನ್ನಾಗಿ ಬೇಯಿಸಿದರೆ ಮರಿಹುಳು ಸಾಯುತ್ತದೆ.
• ಇಲಿ ಬರುವ ಬಿಲ, ಸಂದುಗಳನ್ನು ಮುಚ್ಚಿ. ಉಳಿದ ಆಹಾರವನ್ನು ರಾತ್ರಿ ತೆರೆದಿಡಬೇಡಿ.